ತಲೆಕೆಳಗಾದ ಕೂರಿಗೆ ಬಟ್ಟಲು

ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಬಹುಮಾನಗಳೆಲ್ಲ ಒಂದೇ ಪ್ರಶ್ನೆಯ ಕೃಪೆ: "ಆಧಾರ ಏನು?" ಎದುರಾಳಿ ಸತ್ಯವನ್ನೇ ಹೇಳುತ್ತಿದ್ದರೂ ಇದನ್ನು ಕೇಳಿದ ಕೂಡಲೇ ನೀರಿನ ಲೋಟ ಹುಡುಕುತ್ತಾನೆ. ಮನೆಯಲ್ಲೂ ನನಗೆ ಇದೇ ಚಾಳಿ. ಹಾಗಾಗಿ ನಮ್ಮವರು ನನಗೆ ಏನನ್ನಾದರೂ ಹೇಳುವುದನ್ನೇ ಬಿಟ್ಟಿದ್ದಾರೆ.

ಬಿಡದವರು ಮಡಕಶಿರಾ ಪಕ್ಕದ ಗುಡಿಬಂಡೆಯ ದೊಡ್ಡಪ್ಪ ಒಬ್ಬರೇ. ಬಡಗಿ. ಮೊನ್ನೆ ಅವರ ಜಗಲಿಯಲ್ಲಿ ಕೂತು, ಟ್ಯಾಬಿನಲ್ಲಿ ದೂರದೇಶದ ಒಂದು ಮ್ಯೂಸಿಯಂ ತೋರಿಸುತ್ತಿದ್ದೆ. ವಿಶ್ವ ಸಂಸ್ಕೃತಿಗಳ ಸಂಗ್ರಹವಂತೆ. ವಿಶ್ವ ಎಂದರೆ ಮ್ಯೂಸಿಯಮ್ಮಿನವರ ಊರೊಂದನ್ನು ಬಿಟ್ಟು ಉಳಿದದ್ದು. ಹಿಂದೆ ನಮ್ಮ ಸಾಮಾನನ್ನು ನಾವು ನೋಡಲು ಪಾಸ್‌ಪೋರ್ಟ್ ಬೇಕಿತ್ತು. ಈಗ ಎಲ್ಲ ಡಿಜಿಟಲ್, ಮಡಕಶಿರಾ ಕಡೆಯ ಸಿಗ್ನಲ್ ಸಿಕ್ಕರೆ ಸಾಕು. ಬೆರಳಿನಿಂದ ಎಳೆದರೆ ವಸ್ತು ನಿಂತಲ್ಲೇ ಬುಗುರಿಯಂತೆ ಗಿರಗಿರ ತಿರುಗುತ್ತದೆ, ಮಗುಚುವುದಿಲ್ಲ.

ಆಗ ತಿರುಗುತ್ತಿದ್ದದ್ದು ಮರದ ಒಂದು ಗುಂಡುಪೀಠ, ಅದರ ಮೇಲೆ ನೆಟ್ಟಗೆ ನಿಂತ ನಾಲ್ಕು ಬಿದಿರು ಕೊಳವೆ. ಕೆಳಗಿನ ಇಂಗ್ಲಿಷ್ ಬರಹವನ್ನು ಓದಿ ಹೇಳಿದೆ: "ದಕ್ಷಿಣ ಭಾರತ. ಊದುವ ವಾದ್ಯ. ಪೂಜೆಯಲ್ಲಿ ಬಳಸುತ್ತಿದ್ದಿರಬಹುದು."

"ಪೂಜೆನೂ ಇಲ್ಲ, ಪುನಸ್ಕಾರನೂ ಇಲ್ಲ. ಬಿತ್ತೋ ಕೂರಿಗೆ ಬಟ್ಲು ಕಣಮ್ಮ ಅದು," ಎಂದರು ದೊಡ್ಡಪ್ಪ. "ಬಟ್ಲಿಗೆ ಬೀಜ ಹಾಕಿದ್ರೆ ಕೊಳವೆಯಾಗೆ ಇಳಿದು ಸಾಲಿಗೆ ಬೀಳ್ತದೆ. ತಲೆಕೆಳಗು ಮಡಗವ್ರೆ. ನಿಮ್ ತಾತ ಸಾಯಗಂಟ ಇವನ್ನೇ ಕೆತ್ತಿದ್ದು. ಪೀಪಿ ಮಾಡ್ತಿದ್ದ ಅಂತ ಬರ್ದವ್ರಲ್ಲ. ತಿದ್ರಿ ಅಂತ ಬರಿ."

"ಆಧಾರ ಏನು ದೊಡ್ಡಪ್ಪ?"

ಅವರು ಟ್ಯಾಬನ್ನು ತಲೆಕೆಳಗು ಹಿಡಿದು ತೋರಿಸಿದರು. ಟ್ಯಾಬ್ ಅರೆಕ್ಷಣ ಯೋಚಿಸಿ ಚಿತ್ರವನ್ನು ಮತ್ತೆ ಮ್ಯೂಸಿಯಮ್ಮಿನ ಅಭಿಪ್ರಾಯಕ್ಕೇ ತಿರುಗಿಸಿತು. ಇನ್ನೊಮ್ಮೆ ತಿರುಗಿಸಿದರು, ಅದೂ ತಿರುಗಿತು. ಇಷ್ಟು ಹಟದ ವಾದಿಯನ್ನು ನಾನು ಯಾವ ವೇದಿಕೆಯಲ್ಲೂ ಕಂಡಿಲ್ಲ. ಚಿತ್ರ ಹಾಗೆ ತಿರುಗದಂತೆ ಮಾಡುವ ಗುಂಡಿ ನನಗೆ ಗೊತ್ತಿತ್ತು. ಎದುರಾಳಿಗೆ ಆಧಾರ ಒದಗಿಸುವುದು ನಮ್ಮ ಧರ್ಮವಲ್ಲವೆಂದು ಸುಮ್ಮನಿದ್ದೆ.

ದೊಡ್ಡಪ್ಪ ಟ್ಯಾಬನ್ನು ನೆಲದ ಮೇಲೆ ಮಲಗಿಸಿ, ಎದ್ದು ಸುತ್ತಿ ಹೋಗಿ, ಅದರ ಆಚೆ ಬದಿಗೆ ಕೂತರು. "ಅದು ತಿರುಗಕಿಲ್ಲ ಅಂದ್ರೆ ನಾವೇ ತಿರುಗಿದ್ರಾತು. ಬಾ ಈ ಕಡೀಕೆ."

ವಾದದ ನಡುವೆ ಎದ್ದು ಎದುರು ಪಕ್ಷಕ್ಕೆ ಹೋಗಿ ಕೂತದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಅಲ್ಲಿಂದ ನೋಡಿದರೆ ಬಟ್ಟಲು ಬಟ್ಟಲೇ.

ಮ್ಯೂಸಿಯಮ್ಮಿನ ಪುಟದ ಕೆಳಗೆ 'ನಿಮಗೆ ಗೊತ್ತಿದ್ದರೆ ತಿಳಿಸಿ' ಎಂಬ ಜಾಗವಿತ್ತು. ದೊಡ್ಡಪ್ಪ ಹೇಳಿದ್ದನ್ನೆಲ್ಲ ಬರೆದೆ. ಕಳಿಸುವ ಮೊದಲು ಅದು ಕೇಳಿತು: ಆಧಾರ ಏನು? ಖಾಲಿ ಬಿಡುವಂತಿರಲಿಲ್ಲ. ನಾನು ನೀರಿನ ಲೋಟ ಹುಡುಕಿದೆ.

"ಒಂದ್ ಹಿಡಿ ರಾಗಿ ಹಾಕಿ ನೋಡ್ಲಿ," ಎಂದರು ದೊಡ್ಡಪ್ಪ.

ಅದನ್ನೇ ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಉತ್ತರ ಇನ್ನೂ ಬಂದಿಲ್ಲ. ರಾಗಿ ಹುಡುಕುತ್ತಿರಬೇಕು.