ಹಲ್ಲು ಬಿಗಿಹಿಡಿದ ತಮ್ಮ

ಡಾಕ್ಟರು ನನ್ನ ತಮ್ಮ ಶಿವಣ್ಣನ ಬಾಯಿಗೆ ಸ್ಕೇಲು ಇಟ್ಟು ಅಳೆಯುತ್ತಿದ್ದರು. ಅವನಿಗೆ ದವಡೆ ಆಪರೇಷನ್ ಆಗಿದೆಯೆಂದು ಕೇಳಿ ಸಿಂಧಘಟ್ಟದಿಂದ ಮೈಸೂರಿಗೆ ಓಡಿಬಂದಿದ್ದ ನಾನು ಬಾಗಿಲಲ್ಲೇ ನಿಂತೆ. ಮೂರು ತಿಂಗಳಿಂದ ಅವನ ಜೊತೆ ಮಾತು ಬಿಟ್ಟಿದ್ದೆ.

ನನ್ನ ಮಗಳ ಬೀಗರ ಊಟದಲ್ಲಿ ಅವನು ಮುದ್ದೆಯನ್ನು ಚಿವುಟಿ ಚಿವುಟಿ ತಿಂದು, ಬಾಡು ಮುಟ್ಟದೆ ಎದ್ದಿದ್ದ. “ಯಾಕ್ಲಾ, ನಮ್ಮನೆ ಬಾಡು ಸೇರಾಕಿಲ್ವಾ?” ಎಂದು ಬೀಗರ ಮುಂದೆಯೇ ಕೂಗಾಡಿದೆ. “ಬಾಯಿ ತೆಗ್ಯಾಕಾಯ್ತಿಲ್ಲ ಕಣಣ್ಣ” ಎಂದು ಅವನು ಹಲ್ಲು ಬಿಗಿಹಿಡಿದೇ ಹೇಳಿದ. ಅದನ್ನು ನಾನು ಸಿಟ್ಟೆಂದು ತಿಳಿದೆ.

ಡಾಕ್ಟರು ವಿವರಿಸಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಕಿವಿಯ ಮುಂದೆ, ದವಡೆಯ ಕೀಲಿನಲ್ಲಿ ಮೆತ್ತೆಯಂಥದ್ದೊಂದು ಇರುತ್ತದೆ. ತಮ್ಮನಿಗೆ ಅದು ಜಾರಿ ಅಡ್ಡ ನಿಂತು ಬಾಯಿ ತೆರೆಯದಂತೆ ಮಾಡಿತ್ತು. ಸಣ್ಣ ತೂತು ಮಾಡಿ, ತೆಳ್ಳನೆಯ ನಳಿಕೆ ತೂರಿಸಿ, ಅದನ್ನು ಜಾಗಕ್ಕೆ ಕೂರಿಸಿದ್ದರು. ತಲೆತುಂಬ ಬ್ಯಾಂಡೇಜು ಇರುತ್ತದೆಂದು ದಾರಿಯುದ್ದಕ್ಕೂ ಅತ್ತುಕೊಂಡು ಬಂದವನಿಗೆ ಕಂಡದ್ದು ಸೊಳ್ಳೆ ಕಚ್ಚಿದಷ್ಟು ಗಾಯ.

“ತಪ್ಪಾಯ್ತು ಕಣ್ಲಾ” ಎಂದೆ. ತಮ್ಮ ನೋವಿನಲ್ಲೂ ಆದಷ್ಟು ಬಾಯಿ ತೆಗೆದು ತೋರಿಸಿದ. ಆಮೇಲೆ, “ಸರಿಯಾಗಿ ನೋಡ್ಕೊಂಡ್ಯಾ ಅಣ್ಣ? ಒಳ್ಗೆ ಎಲ್ಲಾರಾ ಸಿಟ್ಟು ಐತಾ?” ಎಂದ.

ಈಗ ನಮ್ಮ ಮನೆಗೆ ಬಂದವರು ಎಲೆಯಲ್ಲಿ ಊಟ ಬಿಟ್ಟರೆ ನಾನು ಮುನಿಸಿಕೊಳ್ಳುವುದಿಲ್ಲ, ಮೊದಲು ಬಾಯಿ ತೆಗೆಸಿ ನೋಡುತ್ತೇನೆ. “ಉಣ್ಣಾಕೆ ಬಂದೋರ ಹಲ್ಲು ನೋಡ್ತೀರಲ್ಲಾ, ಅವ್ರೇನು ಸಂತೇಲಿ ಕೊಳ್ಳೋ ಎತ್ತಾ?” ಎಂದು ಹೆಂಡತಿ ಬೈಯುತ್ತಾಳೆ.