ತಿರುಗುವ ಜಾಗದ ಪೂಜೆ

ಲಗ್ಗೆರೆಯಲ್ಲಿ ಯಮುನಾಳ ಅಂಗಡಿಯನ್ನು ಬೋರ್ಡಿನ ಹೆಸರು ಹೇಳಿ ಹುಡುಕಿದರೆ ಸಿಗುವುದಿಲ್ಲ. ಜೆರಾಕ್ಸ್ ಅಕ್ಕನ ಅಂಗಡಿ ಎನ್ನಬೇಕು. ಗಾರ್ಮೆಂಟ್ಸ್ ಹೆಂಗಸರ ಪಿಎಫ್, ಅವರ ಮಕ್ಕಳ ಕಾಲೇಜು ಅರ್ಜಿ, ಆಧಾರಿನಲ್ಲಿ ತಪ್ಪಾಗಿ ಕೂತ ಅಪ್ಪನ ಹೆಸರು, ಎಲ್ಲಕ್ಕೂ ಅದೊಂದೇ ಕೌಂಟರು. ಗಿರಾಕಿಗಳ ಜೊತೆ ಯಮುನಾ ಬಹುವಚನದಲ್ಲಿ ಮಾತಾಡುತ್ತಾಳೆ, ಕಂಪ್ಯೂಟರಿನ ಜೊತೆ ಏಕವಚನದಲ್ಲಿ. ಅವಳು ಸೊಸೆಯಾಗಿ ಬಂದ ವರ್ಷವೇ ಮನೆಗೆ ಬಂದ ಡೆಸ್ಕ್‌ಟಾಪು ಅದು. ವರಸೆಯಲ್ಲಿ ಹೆಚ್ಚುಕಮ್ಮಿ ಮೈದುನ. “ಏಳೋ, ಮೇಡಂ ಕಾಯ್ತಾವ್ರೆ” ಎಂದು ಗದರಿದರೆ ಗೊರಗೊರ ಎನ್ನುತ್ತಾ ಏಳುತ್ತಿತ್ತು.

ಈ ವರ್ಷ ಮೈದುನನಿಗೆ ವಯಸ್ಸು ಕಾಣಿಸಿಕೊಂಡಿತು. ಒಂದೊಂದೇ ವೆಬ್‌ಸೈಟು ‘ನಿಮ್ಮದು ತೀರಾ ಹಳೆಯದು’ ಎಂದು ಬಾಗಿಲು ಹಾಕತೊಡಗಿತು. ಕೊನೆಗೆ ಪಿಂಚಣಿಯ ಸೈಟೂ ತೆರೆಯಲಿಲ್ಲ. ಪಿಂಚಣಿದಾರರು ಬದುಕಿದ್ದಾರೆಂದು ಸಾಬೀತು ಮಾಡಬೇಕಾದ ಯಂತ್ರವೇ ಬದುಕಿದೆಯೋ ಇಲ್ಲವೋ ಎಂಬ ಅನುಮಾನ ಹುಟ್ಟಿತು. ಗಿರಾಕಿಗಳು ಬಂದು, ನೋಡಿ, ಪಕ್ಕದ ಬೀದಿಗೆ ನಡೆದರು.

ಕಟ್ಟಡದ ಯಜಮಾನ ಅವಳ ಮಾವ ವೆಂಕಟೇಶಪ್ಪ. ಅವರ ಅಪ್ಪ ರಾಗಿ ಬೆಳೆದ ಜಾಗದಲ್ಲೇ ಕಟ್ಟಡ ಎದ್ದಿದೆ. ವೆಂಕಟೇಶಪ್ಪ ಪೀಣ್ಯದ ಫ್ಯಾಕ್ಟರಿಯಲ್ಲಿ ಕಬ್ಬಿಣ ಕಡೆಯುವ ಲೇತ್ ಮೇಲೆ ದುಡಿದು ನಿವೃತ್ತರಾದವರು. ಕೆಳಗಿನ ಅಂಗಡಿಯಲ್ಲಿ ಜನ ಓಡಾಡದಿದ್ದರೆ ಮೇಲಿನ ಮನೆಗೆ ಏಳಿಗೆಯಿಲ್ಲ ಎಂಬುದು ಅವರ ನಂಬಿಕೆ. ಅಷ್ಟರಲ್ಲಿ ಎದುರಿನ ಗಾಡಿಯಲ್ಲಿ ಪಾನಿಪೂರಿ ಮಾರುವ ಮುತ್ತು ಆ ಅಂಗಡಿಯನ್ನು ತನಗೆ ಕೊಡಬೇಕೆಂದು ಕೇಳಿದ. ಅವನ ಪುದೀನ ಪಾನಿಗೆ ಸಂಜೆಯಾದರೆ ಸಾಲು ನಿಲ್ಲುತ್ತದೆ. ವೆಂಕಟೇಶಪ್ಪ ತೀರ್ಪು ಕೊಟ್ಟರು: ಸೋಮವಾರದೊಳಗೆ ಪಿಂಚಣಿ ಸೈಟು ತೆರೆದರೆ ಅಂಗಡಿ ಸೊಸೆಗೆ, ಇಲ್ಲದಿದ್ದರೆ ಮುತ್ತುವಿಗೆ.

ಹಳೆಯದನ್ನು ಗುಜರಿಗೆ ಹಾಕಿ ಹೊಸದು ತರೋಣ ಎಂದ ಗಂಡ ದೇವರಾಜ್. ಯಮುನಾ ಒಪ್ಪಲಿಲ್ಲ.

“ಮೈ ಗಟ್ಟಿಯಾಗೇ ಇದೆ ಕಣ್ರೀ. ತಲೆ ಹಳೇದು. ತಲೆ ಬದಲಾಯಿಸ್ತೀನಿ.”

ಭಾನುವಾರ ಬೆಳಿಗ್ಗೆ ಗಿರಾಕಿಗಳ ಫೈಲುಗಳನ್ನೆಲ್ಲ ಬೇರೆ ಕಡೆ ಉಳಿಸಿಟ್ಟು ಕೆಲಸಕ್ಕೆ ಕೂತಳು. ಹೊಸ ವಿಂಡೋಸು ಹೆಣ್ಣು ನೋಡಲು ಬಂದ ಬೀಗರ ಹಾಗೆ ವಯಸ್ಸು, ಮೈಕಟ್ಟು ಎಲ್ಲ ವಿಚಾರಿಸಿ, ಜಾತಕ ಕೂಡುವುದಿಲ್ಲ ಎಂದಿತು. ಕಿಟಕಿ ಒಲ್ಲೆ ಎಂದರೆ ಹಿತ್ತಿಲ ಬಾಗಿಲು ಇಲ್ಲವೇ? ಹಳೆಯ ಯಂತ್ರಗಳಿಗೂ ಒಗ್ಗುವ ಲಿನಕ್ಸ್ ಎಂಬ ಬೇರೆ ತಲೆಯನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡಳು. ಅವಳು ಆರಿಸಿದ ಬಗೆಯ ಹೆಸರು ಮಿಂಟ್, ಅಂದರೆ ಪುದೀನ. ಒಟ್ಟಿನಲ್ಲಿ ಸೋಮವಾರ ಆ ಅಂಗಡಿಗೆ ಪುದೀನ ಬರುವುದು ಖಾತ್ರಿಯಾಗಿತ್ತು. ಯಾವ ಪುದೀನ ಎಂಬುದಷ್ಟೇ ಉಳಿದ ಪ್ರಶ್ನೆ.

ಕೆಲಸ ಎಷ್ಟಾಯಿತೆಂದು ತೋರಿಸುವ ತೆರೆಯ ಮೇಲಿನ ಗೆರೆ ಅರ್ಧದವರೆಗೆ ಉದ್ದವಾಯಿತು. ಟಪ್ ಎಂದು ಎಲ್ಲ ಆರಿಹೋಯಿತು. ಮತ್ತೆ ಹಚ್ಚಿದಳು, ಮತ್ತೆ ಟಪ್. ಪ್ಲಗ್ಗು ಬದಲಾಯಿಸಿದಳು, ಪೆನ್‌ಡ್ರೈವು ಬದಲಾಯಿಸಿದಳು. ಟಪ್ ಮಾತ್ರ ಬದಲಾಗಲಿಲ್ಲ. ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ ವೆಂಕಟೇಶಪ್ಪ ಪ್ರತಿ ಸಲವೂ ಪೇಪರನ್ನು ಒಂದಿಷ್ಟು ಇಳಿಸಿ ನೋಡಿ, ಮತ್ತೆ ಏರಿಸಿದರು.

ಯಮುನಾ ಗಾಬರಿಯಾಗಲಿಲ್ಲ. ಯಂತ್ರ ಮನುಷ್ಯರ ಹಾಗಲ್ಲ, ಕಾರಣವಿಲ್ಲದೆ ಮುನಿಸಿಕೊಳ್ಳುವುದಿಲ್ಲ ಎಂಬುದು ಅವಳ ಸಿದ್ಧಾಂತ. ಕಂಪ್ಯೂಟರಿನ ಡಬ್ಬಿಯ ಮೇಲೆ ಕೈಯಿಟ್ಟಳು. ದೋಸೆ ಕಾವಲಿಯಂತೆ ಕಾದಿತ್ತು. ಹಿಂದೆ ಫ್ಯಾನಿನ ಬಳಿ ಕೈ ಹಿಡಿದಳು, ಗಾಳಿಯೇ ಇಲ್ಲ. ಮೊಬೈಲಿನ ಬೆಳಕು ಬಿಟ್ಟು ಬಗ್ಗಿ ನೋಡಿದಳು.

ಫ್ಯಾನಿನ ಜಾಲರಿ ಕಾಣುತ್ತಿರಲಿಲ್ಲ. ಅಲ್ಲಿದ್ದದ್ದು ಗಂಧ. ಅದರ ಮೇಲೆ ಕುಂಕುಮ, ಮೇಲೆ ವಿಭೂತಿ, ಮತ್ತೆ ಗಂಧ. ಎಷ್ಟೋ ಆಯುಧಪೂಜೆಗಳು ಒಂದರ ಮೇಲೊಂದು ಗಾರೆಯಂತೆ ಗಟ್ಟಿಯಾಗಿದ್ದವು. ಒಳಗೆ ಸೋರಿದ ಗಂಧ ರೆಕ್ಕೆಗಳನ್ನೂ ಅಂಟಿಸಿತ್ತು. ದಿನದ ಹಗುರ ಕೆಲಸವನ್ನು ಹೇಗೋ ತಾಳಿಕೊಂಡಿದ್ದ ಯಂತ್ರ ಈ ಭಾರಿ ಕೆಲಸಕ್ಕೆ ಉಸಿರುಕಟ್ಟಿ ಬೀಳುತ್ತಿತ್ತು.

ಪೂಜೆ ಯಾರದೆಂದು ಕೇಳಬೇಕಾಗಿರಲಿಲ್ಲ. ಫ್ಯಾಕ್ಟರಿಯಲ್ಲಿ ಲೇತಿನ ಶಕ್ತಿ ಇರುವುದು ತಿರುಗುವ ಜಾಗದಲ್ಲಿ ಎಂದು ಅಲ್ಲಿಗೇ ಗಂಧ ಮೆತ್ತುವುದು ವಾಡಿಕೆ. ಕಂಪ್ಯೂಟರಿನಲ್ಲಿ ತಿರುಗುವುದು ಯಾವುದೆಂದು ವೆಂಕಟೇಶಪ್ಪ ಸುತ್ತ ಹುಡುಕಿದ್ದರು. ಫ್ಯಾನು ಸಿಕ್ಕಿತ್ತು.

ಅವರು ಕಾಫಿಗೆ ಎದ್ದಾಗ ಕೆರೆದುಬಿಡಬಹುದಿತ್ತು. ಆದರೆ ದೇವರಾಜ್ ಒಮ್ಮೆ ಬೈಕಿನ ಮೀಟರಿಗೆ ಬಳಿದ ವಿಭೂತಿ ಒರೆಸಿದ್ದಕ್ಕೆ ಅವರು ದೀಪಾವಳಿಯವರೆಗೆ ಮಗನೊಂದಿಗೆ ಮಾತು ಬಿಟ್ಟಿದ್ದರು. ಸೋಮವಾರದ ತೀರ್ಪುಗಾರರೂ ಅವರೇ. ಯಮುನಾ ಸ್ಕ್ರೂಡ್ರೈವರನ್ನು ಸೆರಗಿನಲ್ಲಿ ಒರೆಸುತ್ತಾ ಕೇಳಿದಳು.

“ಮಾವ, ಫ್ಯಾಕ್ಟ್ರೀಲಿ ಲೇತ್ ಓವರಾಲಿಂಗ್ ಮಾಡೋವಾಗ ಪೂಜೆ ಮಾಡಿದ್ ಗಂಧ ಅಂಗೇ ಬಿಡ್ತಿದ್ರಾ?”

“ಬುಟ್ರೆ ಓವರಾಲಿಂಗ್ ಎಂಗಾದದು? ಎಲ್ಲಾ ಬಿಚ್ಚಿ ತೊಳೀಬೇಕು. ಆಮೇಕೆ ಒಸ ಪೂಜೆ.”

“ಇದೂ ಓವರಾಲಿಂಗೇ ಮಾವ. ನೀವೇ ಬಿಚ್ಚಿಕೊಡಿ. ಪೂಜೆ ಮಾಡಿದ ಕೈಯೇ ತೆಗೀಬೇಕು.”

ಪೇಪರು ಪೂರ್ತಿ ಇಳಿಯಿತು. ಹತ್ತಿರ ಬಂದು ಕನ್ನಡಕ ಏರಿಸಿ ಬಗ್ಗಿದರು. ಬೆರಳಿಂದ ಗಂಧದ ಗಾರೆಯನ್ನು ತಟ್ಟಿದರು.

“ಇದು ಗಾಳಿ ಓಗೋ ತೂತಾ?”

“ಹೂಂ ಮಾವ.”

ಅವರು ಮೇಲಿನ ಮನೆಗೆ ಹೋದರು. ಯಮುನಾ ಮೆಟ್ಟಿಲ ಕಡೆಗೇ ನೋಡುತ್ತಾ ನಿಂತಳು. ಇಳಿದು ಬಂದಾಗ ಅವರ ಒಂದು ಕೈಯಲ್ಲಿ ಹಳೆಯ ಟೂತ್‌ಬ್ರಷ್, ಇನ್ನೊಂದರಲ್ಲಿ ನೆನೆಸಿದ ಹುಣಸೆಹಣ್ಣು. ಹುಣಸೆಹಣ್ಣು ದೀಪದ ಕಂಬಕ್ಕೆ ಸರಿ, ಕಂಪ್ಯೂಟರಿಗೆ ಆಗದು ಎಂದು ಅವಳು ಅದನ್ನು ಈಸಿಕೊಂಡು ಸಾರಿಗೆ ಎತ್ತಿಟ್ಟಳು. ಡಬ್ಬಿ ಬಿಚ್ಚಿದ ಮೇಲೆ ಅವರನ್ನು ತಡೆಯಲು ಯಾರಿಂದಲೂ ಆಗಲಿಲ್ಲ. ಒಣ ಬ್ರಷ್ಷಿನಲ್ಲಿ ಒಂದೊಂದು ರೆಕ್ಕೆಯನ್ನೂ ಉಜ್ಜಿ, ಗಂಧದ ಪುಡಿ ನೆಲಕ್ಕೆ ಬೀಳದಂತೆ ಪೇಪರಿನಲ್ಲಿ ಹಿಡಿದು, ತುಳಸಿ ಕುಂಡಕ್ಕೆ ಹಾಕಿದರು. ಫ್ಯಾನನ್ನು ಬೆರಳಲ್ಲಿ ತಿರುಗಿಸಿ, ಕಿವಿ ಹತ್ತಿರ ಹಿಡಿದು, ಬೇರಿಂಗು ಚೆನ್ನಾಗಿದೆ ಎಂದರು.

ಈ ಸಲ ಗೆರೆ ಅರ್ಧ ದಾಟಿತು. ಗೆರೆ ತುದಿ ಮುಟ್ಟಿತು. ಹೊಸ ತೆರೆ ಹಸಿರಾಗಿ ತೆರೆದುಕೊಂಡಿತು. ಯಾರೂ ಪರಿಚಯ ಹೇಳುವ ಮೊದಲೇ ಅದು ಪ್ರಿಂಟರನ್ನು ಗುರುತಿಸಿತು. ಯಮುನಾ ಪಿಂಚಣಿ ಸೈಟಿನ ವಿಳಾಸ ಒತ್ತಿದಳು. ಚಕ್ರ ಒಂದಿಷ್ಟು ತಿರುಗಿ, ಪುಟ ಬಂತು.

ವೆಂಕಟೇಶಪ್ಪ ಮೇಲಿನ ಮನೆಯಿಂದ ಗಂಧದ ಬಟ್ಟಲು ತಂದರು. ಯಮುನಾ ಫ್ಯಾನಿಗೆ ಬೆನ್ನು ಕೊಟ್ಟು, ದಾರಿಗೆ ಅಡ್ಡವಾಗಿ ನಿಂತಳು. ಅವರು ಆ ಕಡೆ ನೋಡಲೇ ಇಲ್ಲ. ಉಂಗುರ ಬೆರಳ ತುದಿಯಲ್ಲಿ ಒಂದೇ ಒಂದು ಬೊಟ್ಟು ತೆಗೆದು ಸ್ವಿಚ್ಚಿನ ಗುಂಡಿಗೆ ಇಟ್ಟರು.

“ಇದ್ನ ಒತ್ತುದ್ರೆ ತಾನೆ ಎಲ್ಲಾ ತಿರುಗೋದು” ಎಂದು ತಮಗೆ ತಾವೇ ಹೇಳಿಕೊಂಡು, ಬಾಗಿಲಿಗೆ ಹೋಗಿ ಎದುರಿನ ಗಾಡಿಯತ್ತ ಕೈ ಎತ್ತಿದರು.

“ಮುತ್ತೂ, ಅಂಗ್ಡಿ ಖಾಲಿ ಇಲ್ಲ ಕಣಪ್ಪ. ಗಾಡೀನೇ ಒಸಿ ಈ ಕಡೆ ತಳ್ಕೊಂಡ್ ನಿಲ್ಸು. ನಾಳೆಯಿಂದ ಇಲ್ಲಿ ಜನ ಕಾಯ್ತಾರೆ.”