ಅಜ್ಜಿ ಒಪ್ಪಿದ ಅಂಟು

ಇಟ್ಟಮಡುವಿನ ವಾದ್ಯ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಂತೆ ಅಂಟು ಕಾಯುವ ವಾಸನೆ ಬಂತು. ಚರ್ಮದಿಂದ ಮಾಡಿದ ಅಂಟು, ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಕರಗಿಸುತ್ತಾರೆ. ಮಳೆಯಲ್ಲಿ ನೆಂದ ಚಪ್ಪಲಿಯನ್ನು ಒಲೆಯ ಪಕ್ಕ ಒಣಗಲಿಟ್ಟಂಥ ವಾಸನೆ. ಅರ್ಧದಲ್ಲೇ ನಿಂತುಬಿಟ್ಟೆ. ಮೊಣಕಾಲು ನೋವೂ ಇತ್ತು ಅನ್ನಿ. ಕೈಯಲ್ಲಿದ್ದದ್ದು ದೊಡ್ಡಪ್ಪ ನನಗೆಂದು ಮಾಡಿಕೊಟ್ಟ ಪಿಟೀಲು. ಒಳಗಿನ ಪಟ್ಟಿಯೊಂದು ಕಳಚಿಕೊಂಡು, ಅದು ನುಡಿಯುವುದನ್ನು ಬಿಟ್ಟು ಗೊರಗುಟ್ಟಲು ಶುರುಮಾಡಿ ವರ್ಷಗಳಾಗಿವೆ. ಸಾಯುವುದರೊಳಗೆ ಒಮ್ಮೆ ಅದರ ಹಳೆಯ ದನಿ ಕೇಳಬೇಕು ಎಂಬುದಷ್ಟೇ ನನ್ನ ಆಸೆ. ಬೇರೆ ಆಸೆಗಳಿಗೆಲ್ಲ ಈಗ ಆಯಾಸವಾಗುತ್ತದೆ.

ಜಯನಗರದ ನಮ್ಮ ಮನೆಯ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕವೇ ದೊಡ್ಡಪ್ಪನ ಕಾರ್ಖಾನೆ. ಬ್ಯಾಂಕಿನಿಂದ ಬಂದು, ಕಾಫಿ ಕುಡಿದು, ಬನಿಯನ್ನಿನಲ್ಲಿ ಬಂದು ಕೂರುತ್ತಿದ್ದರು. ಪಿಟೀಲಿನ ಪಕ್ಕೆಗೆ ಹಪ್ಪಳದಷ್ಟು ತೆಳ್ಳಗೆ ಹೆರೆದ ಮರದ ಪಟ್ಟಿ ಬೇಕು. ಅದನ್ನು ನೀರಿನಲ್ಲಿ ಅದ್ದಿ, ಕಾದ ಕಬ್ಬಿಣದ ಕೊಳವೆಗೆ ಒತ್ತಿ ಹಿಡಿದರೆ ಚುಯ್ಯೆಂದು ಹಬೆ ಏಳುತ್ತಿತ್ತು. ಅವಸರ ಮಾಡಿದರೆ ಪಟಕ್ಕನೆ ಮುರಿಯುತ್ತಿತ್ತು. ಮರವೇ ಮೆತ್ತಗಾಗಿ ಬಾಗಲು ಒಪ್ಪುವವರೆಗೆ ಅವರು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಬಾಗಿದ ಪಟ್ಟಿಯನ್ನು ಅಚ್ಚಿಗೆ ಸುತ್ತಿ, ಬಟ್ಟೆ ಹಗ್ಗದ ಕ್ಲಿಪ್ಪುಗಳನ್ನೆಲ್ಲ ಕಿತ್ತು ತಂದು ಸಾಲಾಗಿ ಕಚ್ಚಿಸುತ್ತಿದ್ದರು. ದೊಡ್ಡಮ್ಮನ ಸೀರೆ ಹಾರಿ ಪಕ್ಕದವರ ಕಾಂಪೌಂಡಿಗೆ ಬೀಳುತ್ತಿತ್ತು. "ನಿಮ್ಮ ಪಿಟೀಲು ಮುಗಿಯೋವರೆಗೂ ಪಕ್ಕದ್ಮನೇಲೇ ಬಟ್ಟೆ ಒಣಗಿಸ್ತೀನಿ ಬಿಡಿ" ಎನ್ನುತ್ತಿದ್ದರು ದೊಡ್ಡಮ್ಮ. ನಿಮ್ಮ ಮನೆಯಲ್ಲೂ ಇಂಥದೊಂದು ಮೂಲೆ ಇದ್ದಿರಬೇಕು. ಈಗ ಅಲ್ಲಿ ಏನಿದೆಯೋ, ನೋಡಿಬರುವ ಉತ್ಸಾಹ ನಿಮಗೂ ಇರಲಾರದು.

ಪಕ್ಕೆಗಳೆಲ್ಲ ಬಾಗಿದ ಮೇಲೆ ದೊಡ್ಡಪ್ಪ ಅಂಟು ಕರಗಿಸಲು ಇಟ್ಟರು. ವಾಸನೆ ಅಡುಗೆಮನೆ ದಾಟಿ ದೇವರ ಮನೆಗೆ ಹೋಯಿತು. ಅವರ ಅಮ್ಮ, ಅಂದರೆ ನನ್ನ ಅಜ್ಜಿ, ಮಡಿಸೀರೆಯಲ್ಲೇ ಹಿತ್ತಿಲ ಬಾಗಿಲಿಗೆ ಬಂದರು.

"ಅದರಲ್ಲಿ ಚರ್ಮ ಇದೆಯೇನೋ?"

"ಮೃದಂಗದಲ್ಲೂ ಇದೆಯಲ್ಲಮ್ಮ. ಅದನ್ನ ಪೂಜೆಗೆ ಇಡ್ತೀವಲ್ಲ."

"ಮೃದಂಗ ನಮ್ಮನೇಲಿ ಬೇಯಿಸಲ್ಲ" ಎಂದರು ಅಜ್ಜಿ.

ಅಜ್ಜಿ ಗದರಲಿಲ್ಲ, ರಾತ್ರಿ ಊಟ ಮಾಡಲಿಲ್ಲ, ಅಷ್ಟೇ. ಮರುದಿನ ದೊಡ್ಡಪ್ಪ ಡಬ್ಬಿಯನ್ನು ಬೀದಿಯ ಬಡಗಿಗೆ ಕೊಟ್ಟು, ಬೆಂಚು ಮೇಜಿಗೆ ಹಾಕುವ ಬಿಳಿ ಅಂಟು ತಂದರು. ಅಜ್ಜಿ ಮೂಸಿ ನೋಡಿ ಸರಿ ಎಂದರು. ಆ ವರ್ಷದ ಸರಸ್ವತಿ ಪೂಜೆಗೆ ಪಿಟೀಲಿಗೆ ಮೊದಲು ಅರಿಶಿನ ಕುಂಕುಮ ಇಟ್ಟವರೂ ಅವರೇ. ಅವತ್ತು ನಾನು ನುಡಿಸಿದೆ. ದೊಡ್ಡಪ್ಪ ಬಾಗಿಲಿಗೆ ಒರಗಿ ನಿಂತು ತಮ್ಮ ಅಮ್ಮನ ಮುಖವನ್ನೇ ನೋಡುತ್ತಿದ್ದರು.

ಅಂಗಡಿಯವರು ಪಿಟೀಲನ್ನು ದೀಪಕ್ಕೆ ಹಿಡಿದು ಬೆರಳಾಡಿಸಿದರು. "ಪಕ್ಕೆ ಸಖತ್ತಾಗಿ ಬಾಗ್ಸಿದ್ದಾರೆ ಮೇಡಂ. ಒಳಗಿನ ಪಟ್ಟಿ ಅಂಟಿಸೋಕೆ ಬಿಚ್ಚಬೇಕು, ಆದ್ರೆ ಇದು ಬಿಳಿ ಅಂಟು. ಚರ್ಮದ್ದಾಗಿದ್ರೆ ಸ್ವಲ್ಪ ಬಿಸಿ, ಸ್ವಲ್ಪ ತೇವ ಕೊಟ್ರೆ ಬಿಡ್ತಿತ್ತು. ಇದನ್ನ ಬಿಚ್ಚೋಕೆ ಹೋದ್ರೆ ಪಕ್ಕೆ ಸೀಳ್ಹೋಗುತ್ತೆ. ಒಡೆದು ಹೊಸ ಪಕ್ಕೆ ಹಾಕ್ಕೊಡ್ಲಾ? ಚೆನ್ನಾಗೇ ನುಡಿಯುತ್ತೆ."

ನಾನು ಕೈಚಾಚಿ ಪಕ್ಕೆಯನ್ನು ಸವರಿದೆ.

"ಇಷ್ಟು ಕೆಲಸ ಗೊತ್ತಿದ್ದೋರು ಈ ಅಂಟು ಯಾಕೆ ಹಾಕಿದ್ರು?"

"ಅವರಮ್ಮ ಬೇಡ ಅಂದ್ರು ಸಾರ್."

ಅವರು ನಗಲಿಲ್ಲ. ಪಿಟೀಲು ಎಂದಾದರೂ ಕೆಡುತ್ತದೆ, ಆಗ ಬಿಚ್ಚಬೇಕಾಗುತ್ತದೆ ಎಂಬುದು ದೊಡ್ಡಪ್ಪನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಹಚ್ಚಿದರು. ಆ ದನಿ ಮತ್ತೊಮ್ಮೆ ಕೇಳಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದರೆ, ಒಡೆಯಿರಿ ಎಂಬ ಮಾತು ಬಾಯಿಯವರೆಗೂ ಬಂದಿತ್ತು.

"ಬೇಡ ಬಿಡಿ ಸಾರ್" ಎಂದೆ.

ಆಟೋದಲ್ಲಿ ಪಿಟೀಲನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಅಮ್ಮ ಮಗ ಇಬ್ಬರೂ ಹೋಗಿ ಎಷ್ಟೋ ಕಾಲವಾಯಿತು. ಅಮ್ಮ ಉಣ್ಣಲೆಂದು ಮಗ ಸೋತ ಆ ಸೋಲನ್ನು ಒಡೆದು ಸರಿಮಾಡಿಸುವ ಶಕ್ತಿ ನನಗಿಲ್ಲ. ಪಿಟೀಲು ನುಡಿಯದೇ ಇರಲಿ.